ನಾಲ್ಕನೇ ಕೋಣೆಯ ಕಂಬ

ಜನವರಿ ೯

ದೊಡ್ಡಪ್ಪ,

ನಿಮ್ಮ ಗಣಿಯ ಬಾಗಿಲಲ್ಲಿ ಕೂತು ಈ ಕಾಗದ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನಿಮ್ಮ ಕಿವಿಗೆ ಕೇಳಿಸದು, ಬೇರೆಯವರ ಬಾಯಲ್ಲಿ ಹೇಳಿಸಿದರೆ ನೀವು ನಂಬುವುದಿಲ್ಲ. ನನ್ನ ಅಕ್ಷರವನ್ನಾದರೂ ನಂಬಿ.

ಟಂಗ್‌ಸ್ಟನ್ನಿಗೆ ಮತ್ತೆ ಬೇಡಿಕೆ ಬಂದಿದೆ. ಕಂಪನಿಯವರು ಮೂರು ಹಳೆ ಗಣಿಗಳ ಹೆಸರು ಮುಂದಿಟ್ಟು, ಯಾವುದಾದರೂ ಒಂದನ್ನು ಪರೀಕ್ಷಿಸಿ ಮಾರ್ಚ್ ಕೊನೆಗೆ ವರದಿ ಕೊಡು ಎಂದರು. ನಾನು ಕಣ್ಣು ಮುಚ್ಚಿ ಇದನ್ನೇ ಆರಿಸಿದೆ. ಅಮ್ಮನಿಗೆ ಹೇಳಿದಾಗ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಭೂಮಿ ಮೇಲೆ ಬೇರೆ ಜಾಗ ಇರ್ಲಿಲ್ವಾ ನಿಂಗೆ?" ಎಂದಳು. ಅಷ್ಟೇ.

ಇಲ್ಲಿ ಕಚೇರಿಯ ತಗಡಿನ ಮಾಡು ಅರ್ಧ ಹಾರಿಹೋಗಿದೆ. ಹೆಂಗಸರು ಅದಿರು ಆರಿಸುತ್ತಿದ್ದ ಉದ್ದನೆಯ ಮೇಜು ಹಾಗೇ ನಿಂತಿದೆ, ಮೇಲಿನ ಸತುವಿನ ತಗಡು ಮಾತ್ರ ಯಾರದೋ ಮನೆ ಸೇರಿದೆ. ಬೀರುವಿನಲ್ಲಿ ಒಂದು ತಗಡಿನ ಕೊಳವೆ, ಅದರೊಳಗೆ ಅಪ್ಪ ಇಲ್ಲಿ ಸರ್ವೇಯರ್ ಆಗಿದ್ದಾಗ ಬರೆದ ನಕ್ಷೆ ಸಿಕ್ಕಿತು ದೊಡ್ಡಪ್ಪ. ಸುರಂಗ, ಅದರ ಎಡಬಲಕ್ಕೆ ನಾಲ್ಕು ಕೋಣೆಗಳು, ಪ್ರತಿ ಕೋಣೆಯ ನಡುವೆ ಛಾವಣಿ ಹೊರಲೆಂದು ಕೊರೆಯದೆ ಬಿಟ್ಟ ಬಂಡೆಯ ಕಂಬ. ಒಂದು ಇಂಚೂ ಅಂದಾಜಿನದಲ್ಲ. ಗಣಿಯವರು ಅವರನ್ನು 'ಇಂಚುಪಟ್ಟಿ' ಎಂದು ಕರೆಯುತ್ತಿದ್ದರು ಎಂದು ನೀವೇ ಹೇಳಿದ್ದಿರಿ.

ಇನ್ನೊಂದು ವಿಷಯ, ಕೇಳಿದರೆ ತಲೆ ಚಚ್ಚಿಕೊಳ್ಳುತ್ತೀರಿ. ನೀವು ಕರಿ ಅದಿರನ್ನು ಆರಿಸಿ ಬಿಳಿ ಕಲ್ಲನ್ನೆಲ್ಲ ಹೊರಗೆ ಸುರಿದಿರಲ್ಲ, ಕತ್ತಲಾದ ಮೇಲೆ ಆ ರಾಶಿಯ ಮೇಲೆ ನೇರಳಾತೀತ ದೀಪ ಹಿಡಿದೆ. ಅಲ್ಲಲ್ಲಿ ನೀಲಿಯಾಗಿ ಹೊಳೆಯಿತು. ಅದು ಷೀಲೈಟ್. ಅದರಲ್ಲೂ ಟಂಗ್‌ಸ್ಟನ್ನೇ ಇರುವುದು. ಬಿಸಿಲಲ್ಲಿ ನೋಡಿದರೆ ಬೆಣಚುಕಲ್ಲಿಗೂ ಅದಕ್ಕೂ ವ್ಯತ್ಯಾಸ ಕಾಣದು. ನೀವೆಲ್ಲ ಬೆಟ್ಟ ಅಗೆದು, ಸಿಕ್ಕಿದ್ದರಲ್ಲಿ ಅರ್ಧವನ್ನು ಹೊರಗೆಸೆದಿದ್ದೀರಿ!

ಕೊನೆಗೆ ಒಂದೇ ಪ್ರಶ್ನೆ. ನಾನು ನಾಲ್ಕು ತಿಂಗಳ ಕೂಸಾಗಿದ್ದಾಗ ಅಪ್ಪ ನಾಲ್ಕನೇ ಕೋಣೆಯಲ್ಲಿ ಬಂಡೆ ಬಿದ್ದು ತೀರಿಕೊಂಡರು. ಅದು ಭಾನುವಾರ, ಗಣಿಗೆ ರಜೆ. ರಜೆಯ ದಿನ ಒಬ್ಬರೇ ಒಳಗೆ ಏಕೆ ಹೋದರು? ಅದಿರು ಕದಿಯಲು ಹೋಗಿದ್ದರು ಎಂದು ಶಾಲೆಯಲ್ಲಿ ಮಕ್ಕಳು ನನಗೆ ಹೇಳಿದ್ದರು. ಅಮ್ಮನನ್ನು ಕೇಳಿದರೆ ಬಾಯಿಗೆ ಬೀಗ. ಬದುಕಿರುವವರಲ್ಲಿ ತಿಳಿದಿರುವುದು ನಿಮಗೊಬ್ಬರಿಗೇ.

ಮೊಂಡಿ


ಜನವರಿ ೨೧

ಮೊಂಡಿ,

ನಿನ್ನ ಕಾಗದ ಬಂತು. ಸೊಸೆ ಓದಿ ಹೇಳುತ್ತೇನೆಂದಳು. ಹೋಗಿರುವುದು ಕಿವಿ, ಕಣ್ಣಲ್ಲ ಎಂದೆ. ಮಗನ ಮನೆ ಟೈರ್ ಅಂಗಡಿಯ ಮೇಲಿದೆ. ಬೀದಿಯ ಕಡೆಯ ಕೋಣೆಯಲ್ಲಿ ಸುತ್ತಿಗೆಯ ಸದ್ದಿಗೆ ಯಾರೂ ಮಲಗಲಾರರಂತೆ, ಅದಕ್ಕೇ ಅದನ್ನು ನನಗೆ ಕೊಟ್ಟಿದ್ದಾರೆ. ಮೂವತ್ತು ವರ್ಷ ಸಿಡಿಮದ್ದಿಗೆ ಕಿವಿ ಕೊಟ್ಟಿದ್ದಕ್ಕೆ ಇಷ್ಟಾದರೂ ಲಾಭ.

ಓದಿದ ಹುಡುಗಿ ನೀನು, ದೀಪ ಹಿಡಿದು ನಮ್ಮನ್ನು ಆಡಿಕೊಳ್ಳುತ್ತೀಯ. ನಮಗೆ ದೀಪ ಎಲ್ಲಿತ್ತು? ಅಂಗೈಯೇ ತಕ್ಕಡಿ. ಎಡಗೈಯಲ್ಲಿ ಬೆಣಚುಕಲ್ಲು, ಬಲಗೈಯಲ್ಲಿ ಅನುಮಾನದ ಕಲ್ಲು, ಕಣ್ಣು ಮುಚ್ಚಿ ತೂಗುವುದು. ಕರಿ ಇದ್ದರೆ ಬಲಗೈ ತಾನೇ ಕೆಳಗೆ ಹೋಗುತ್ತಿತ್ತು. ನಿಜ ಹೇಳುತ್ತೇನೆ, ಮೇಜಿನ ಹೆಂಗಸೊಬ್ಬಳು ಒಮ್ಮೆ, "ಮೇಸ್ತ್ರಿ, ಇದು ಬಿಳಿಯಾದ್ರೂ ಭಾರ ಐತಲ್ಲ?" ಎಂದು ಒಂದು ಕಲ್ಲು ತಂದು ತೋರಿಸಿದ್ದಳು. "ಬೆಳ್ಳಗಿರೋದೆಲ್ಲ ಹಾಲಲ್ಲ, ಎಸಿ ಆಚೆ" ಎಂದೆ. ಎಸೆದಳು. ಮೇಸ್ತ್ರಿಯ ಮಾತಲ್ಲವೇ. ಆಗ ಅವಳ ಕೈಯನ್ನು ನಂಬಬೇಕಿತ್ತು.

ಇನ್ನು ಕೆಲಸದ ವಿಷಯ ಕೇಳು. ಅಡಿಯಲ್ಲಿ ಗ್ರಾನೈಟ್, ಅದರ ಮೇಲೆ ಪದರಗಲ್ಲು. ಎಂದೋ ಕೆಳಗಿನ ಕಾವು ಮೇಲಿನ ಕಲ್ಲನ್ನು ಸೀಳಿ, ಸೀಳಿನಲ್ಲೆಲ್ಲ ಬೆಣಚು ತುಂಬಿದೆ. ಆ ಬೆಣಚಿನ ಎಳೆ ಹಿಡಿದೇ ನಾವು ಹೋಗುತ್ತಿದ್ದೆವು. ಎಳೆಯ ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಅಭ್ರಕ ಕಂಡರೆ, ಒಂದು ಮೊಳದೊಳಗೆ ಕರಿ ಸಿಗುತ್ತಿತ್ತು. ಆಳಕ್ಕೆ ಇಳಿದಂತೆ ಎಳೆ ದಪ್ಪ, ಕರಿ ಕಡಿಮೆ. ದೊಡ್ಡ ಮನೆಯಲ್ಲಿ ಊಟ ಕಡಿಮೆ ಎಂದು ನಾವು ನಗುತ್ತಿದ್ದೆವು. ಒಂದನೇ, ಎರಡನೇ ಕೋಣೆ ನೋಡು, ಮೂರನ್ನೂ ನೋಡು. ನಾಲ್ಕಕ್ಕೆ ಮಾತ್ರ ಹೋಗಬೇಡ. ಅಲ್ಲಿ ಕೆಟ್ಟ ಗಾಳಿ ನಿಂತಿದೆ.

ಸಂಜೆ ಹೊತ್ತು ಬೆಚ್ಚಗೆ ಹೊದ್ದುಕೋ. ನಿನ್ನ ಅಮ್ಮನನ್ನು ಕೇಳಿದೆನೆಂದು ಹೇಳು.

ದೊಡ್ಡಪ್ಪ


ಫೆಬ್ರವರಿ ೩

ದೊಡ್ಡಪ್ಪ,

ನಿಮ್ಮ ಅಭ್ರಕದ ಮಾತು ನೂರಕ್ಕೆ ನೂರು ನಿಜ. ಎರಡನೇ ಕೋಣೆಯಲ್ಲಿ ಮೊಳ ಹಾಕಿ ನೋಡಿದೆ, ಕರಿ ಸಿಕ್ಕಿತು. ನಮ್ಮ ಡ್ರಿಲ್ಲರ್, ಬಾಯಿ ಬಿಟ್ಟರೆ ಬರೀ ದೂರು ಹೇಳುವ ಮನುಷ್ಯ, "ಮೇಡಂ, ನಿಮ್ ದೊಡ್ಡಪ್ಪನ್ನೇ ಕೆಲಸಕ್ಕೆ ಇಟ್ಕೊಳಿ, ಈ ಪುಸ್ತಕ ಎಲ್ಲಾ ಯಾಕೆ" ಎಂದ.

ಆದರೆ ಕೆಟ್ಟ ಗಾಳಿಯ ಮಾತು ಸುಳ್ಳಾಯಿತು. ನಾಲ್ಕನೇ ಕೋಣೆಯ ಬಾಯಿಗೆ ಹಾಕಿದ ಕಬ್ಬಿಣದ ಜಾಲರಿಯ ಬಳಿ ಯಂತ್ರ ಹಿಡಿದು ಮೂರು ದಿನ ಅಳೆದೆವು. ಗಾಳಿ ಚೆನ್ನಾಗಿದೆ. ಮೇಲೆಲ್ಲೋ ಬಿರುಕಿರಬೇಕು, ತಂಪಾಗಿ ಬೀಸುತ್ತದೆ. ಅಲ್ಲಿಂದಲೇ ದೊಡ್ಡ ನೇರಳಾತೀತ ದೀಪದ ಬೆಳಕನ್ನು ಒಳಗೆ ಬಿಟ್ಟೆ. ಹತ್ತು ಹೆಜ್ಜೆ ಆಚೆ ಬಿದ್ದ ಬಂಡೆಗಳು, ಅವುಗಳ ಪಕ್ಕದಲ್ಲಿ ಕಂಬ.

ದೊಡ್ಡಪ್ಪ, ಆ ಕಂಬ ಅಡಿಯಿಂದ ಮುಡಿಯವರೆಗೆ ನೀಲಿಯಾಗಿ ಹೊಳೆಯಿತು! ಬೇರೆ ಕಂಬಗಳಲ್ಲಿ ಚುಕ್ಕೆ, ಗೆರೆ. ಇಲ್ಲಿ ಮಾತ್ರ ಒಂದೇ ಸಮ. ಇಂಥದ್ದನ್ನು ನಾನು ಎಲ್ಲೂ ನೋಡಿಲ್ಲ, ಓದಿಯೂ ಇಲ್ಲ. ಡ್ರಿಲ್ಲರ್ ಕೂಡ ದೂರು ಹೇಳುವುದನ್ನು ಮರೆತ. ಅದರ ಹೊಟ್ಟೆಯಿಂದ ಒಂದು ಕೋಲು ಕಲ್ಲು ಕೊರೆದು ತೆಗೆದರೆ ಈ ಗಣಿಯ ಹಣೆಬರಹವೇ ಬದಲಾಗುತ್ತದೆ. ಇಪ್ಪತ್ತಾರನೇ ತಾರೀಖು ಯಂತ್ರ ಒಳಗೆ ಇಳಿಸುತ್ತೇವೆ. ನಕ್ಷೆಯ ಪ್ರಕಾರ ಕಂಬ ಒಂಬತ್ತು ಅಡಿ ದಪ್ಪ, ಒಂದು ತೂತಿಗೆ ಅಲುಗುವಂಥದ್ದಲ್ಲ. ಅಪ್ಪನ ಅಳತೆ ಎಂದರೆ ಕಣ್ಣು ಮುಚ್ಚಿ ನಂಬಬಹುದಲ್ಲ?

ಅಲ್ಲಿಗೆ ಹೋಗಬೇಡ ಎಂದು ನೀವೇಕೆ ಬರೆದಿರಿ ಎಂಬುದು ನನಗೆ ಅರ್ಥವಾಗುತ್ತದೆ. ತಮ್ಮ ಹೋದ ಜಾಗ, ನಿಮ್ಮ ಕರುಳು ಒಪ್ಪುವುದಿಲ್ಲ. ಆದರೆ ಅಪ್ಪ ಕಡೆಯ ಬಾರಿ ನಿಂತ ನೆಲದಲ್ಲಿ ಒಮ್ಮೆ ನಿಲ್ಲಬೇಕೆಂದು ಆಸೆ.

ನನ್ನ ಪ್ರಶ್ನೆಗೆ ನೀವು ಉತ್ತರ ಬರೆಯಲಿಲ್ಲ.

ಮೊಂಡಿ


ಫೆಬ್ರವರಿ ೧೧

ಮೊಂಡಿ,

ಹಟ ಮಾಡಬೇಡ. ಗಾಳಿ ಇಲ್ಲದಿದ್ದರೆ ನೀರಿದೆ. ಆ ಕೋಣೆಯ ಹಿಂದಿನ ಗೋಡೆಯಾಚೆ ಹಳೆಯ ಗುಂಡಿಯೊಂದಿದೆ, ತುಂಬ ನೀರು. ನಿನ್ನ ಯಂತ್ರದ ಅದುರಿಗೆ ಒಡೆದರೆ ಎಲ್ಲರೂ ಮುಳುಗುತ್ತೀರಿ. ನಕ್ಷೆಯಲ್ಲಿ ಅದು ಇಲ್ಲ. ನಕ್ಷೆಯಲ್ಲಿ ಇರುವುದೆಲ್ಲ ನೆಲದಡಿ ಇರಬೇಕೆಂದೇನೂ ಇಲ್ಲ.

ಆ ಕಂಬ ಹೊಳೆಯಲು ಸಾಧ್ಯವೇ ಇಲ್ಲ. ನಿನ್ನ ದೀಪ ಕೆಟ್ಟಿದೆ. ಮೂರು ಕೋಣೆ ಸಾಲದೇ ನಿನಗೆ? ಇಲ್ಲ ಎಂದು ಬರೆದುಕೊಟ್ಟು ಬೇರೆ ಗಣಿಗೆ ಹೋಗು. ನಿನ್ನ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ.

ನಿನ್ನ ಅಪ್ಪ ಅವತ್ತು ಏಕೆ ಹೋದ ಎಂದು ಪದೇ ಪದೇ ಕೇಳುತ್ತೀಯ. ನನಗೆ ಗೊತ್ತಿಲ್ಲ. ಸತ್ತವರ ವಿಷಯ ಕೆದಕಿದರೆ ಕೈಗೆ ಮಣ್ಣೇ ಸಿಗುವುದು.

ದೊಡ್ಡಪ್ಪ


ಫೆಬ್ರವರಿ ೧೮

ದೊಡ್ಡಪ್ಪನವರಿಗೆ,

ಹಿಂದಿನ ಗೋಡೆಯತ್ತ ಪಕ್ಕದ ಸುರಂಗದಿಂದ ಹೆಬ್ಬೆರಳು ಗಾತ್ರದ ತೂತು ಕೊರೆದು ನೋಡಿದೆವು. ಹನ್ನೆರಡು ಅಡಿ. ಒಂದು ಹನಿ ನೀರಿಲ್ಲ. ಒಣಕಲ್ಲು.

ಮೊದಲು ಗಾಳಿ ಎಂದಿರಿ, ಆಮೇಲೆ ನೀರು ಎಂದಿರಿ. ಈಗ ನನ್ನ ದೀಪವೇ ಕೆಟ್ಟಿದೆ ಎನ್ನುತ್ತೀರಿ. ನಾನು ಚಿಕ್ಕ ಮಗುವಲ್ಲ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಈಗ ಗೊತ್ತಾಯಿತು. ತಮ್ಮ ಕಳ್ಳತನಕ್ಕೇ ಹೋಗಿದ್ದನೆಂದು ನೀವೂ ನಂಬಿದ್ದೀರಿ. ಅಲ್ಲಿ ಅದಕ್ಕೆ ಏನಾದರೂ ಸಾಕ್ಷಿ ಸಿಕ್ಕೀತು, ಮಗಳ ಕಣ್ಣಿಗೆ ಬಿದ್ದೀತು ಎಂಬ ಭಯ ನಿಮಗೆ. ಸಿಗಲಿ ಬಿಡಿ. ಕಳ್ಳನ ಮಗಳು ಎನ್ನಿಸಿಕೊಂಡೇ ಬೆಳೆದಿದ್ದೇನೆ. ಖಚಿತವಾಗಿ ಗೊತ್ತಾದರೆ ಅನುಮಾನದ ಕಾಟವಾದರೂ ತಪ್ಪುತ್ತದೆ.

ಇಪ್ಪತ್ತಾರರಂದು ಬೆಳಿಗ್ಗೆ ಜಾಲರಿ ತೆಗೆಯುತ್ತೇವೆ. ಡ್ರಿಲ್ಲರ್, ಇಬ್ಬರು ಆಳುಗಳು, ನಾನು. ಇನ್ನು ಈ ವಿಷಯದಲ್ಲಿ ನೀವು ಬರೆಯುವುದು ಬೇಡ.

ಭೂವಿಜ್ಞಾನಿ, ಪರೀಕ್ಷಾ ಶಿಬಿರ


ತಂತಿ. ಫೆಬ್ರವರಿ ೨೨

ನಾಲ್ಕನೇ ಕೋಣೆಗೆ ಯಾರೂ ಹೋಗಬೇಡಿ. ಅದು ಕಂಬವಲ್ಲ. ಕಾಗದ ಬರುತ್ತಿದೆ. ದೊಡ್ಡಪ್ಪ.


ಫೆಬ್ರವರಿ ೨೨

ಮಗಳೇ,

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಅಂಚೆ ಕಚೇರಿಯ ಗುಮಾಸ್ತ, "ಅದು ಕಂಬವಲ್ಲ ಅಂದ್ರೆ ಏನ್ ತಾತ?" ಎಂದು ಬರೆದು ತೋರಿಸಿದ. ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ.

ಅದು ಕಂಬವಲ್ಲ, ಗೋಡೆ. ಕಟ್ಟಿದವನು ನಾನು.

ನೀನು ಹುಟ್ಟಿದಾಗ ನಿನ್ನ ಅಪ್ಪ ಹದಿನೈದು ದಿನ ರಜೆ ಹಾಕಿದ್ದ. ಅದೇ ತಿಂಗಳು ಗಣಿಯಲ್ಲಿ ಅದಿರು ಬತ್ತುತ್ತಾ ಬಂದಿತ್ತು. ಇನ್ನೊಂದು ತಿಂಗಳು ಹೀಗೇ ಆದರೆ ಬಾಗಿಲು ಹಾಕುತ್ತೇವೆ ಎಂದು ಮ್ಯಾನೇಜರ್ ಹೇಳಿದ. ಎಂಬತ್ತು ಜನರ ಅನ್ನ. ನಾಲ್ಕನೇ ಕೋಣೆಯ ಕಂಬದಲ್ಲಿ ತೋಳು ದಪ್ಪದ ಕರಿ ಇತ್ತು, ಅದು ನಮಗೆಲ್ಲ ಗೊತ್ತು. ಮ್ಯಾನೇಜರ್ ನೇರವಾಗಿ ಹೇಳಲಿಲ್ಲ. "ನೀನು ಅನುಭವಸ್ಥ ಮೇಸ್ತ್ರಿ, ಏನಾದ್ರೂ ದಾರಿ ನೋಡು" ಎಂದ. ನಾನು ನೋಡಿದೆ. ನಾಲ್ವರನ್ನು ಕಟ್ಟಿಕೊಂಡು ಒಂದು ವಾರದಲ್ಲಿ ಕಂಬ ಕೆಡವಿ ಕರಿ ತೆಗೆದೆ. ಛಾವಣಿ ಬೀಳಲಿಲ್ಲ. ಬೀಳದಿದ್ದುದೇ ನನಗೆ ಸೊಕ್ಕು ತಂದಿತು.

ಸುರಕ್ಷತೆ ನೋಡಲು ಇನ್‌ಸ್ಪೆಕ್ಟರ್ ಬರುವುದಿತ್ತು. ಅವನಿಗೆ ಕಂಬ ಕಾಣಬೇಕಲ್ಲ. ಹೊರಗೆಸೆದ ಕಲ್ಲು ತಂದು, ಕಂಬವಿದ್ದ ಜಾಗದ ಮುಂಬದಿಗೆ ಮಾತ್ರ ಒಣಗೋಡೆ ಪೇರಿಸಿದೆವು, ಹಿಂದೆ ಖಾಲಿ. ಅದರ ಮೇಲೆ ಗಿರಣಿಯಲ್ಲಿ ಅದಿರು ತೊಳೆದು ಬಿಟ್ಟ ಕೆಸರಿನ ಗಿಲಾವು ಮೆತ್ತಿ, ಉಳಿಯಿಂದ ಗೀರಿ ಹಳೆಯ ಬಂಡೆಯಂತೆ ಕಾಣಿಸಿದೆವು. ಇನ್‌ಸ್ಪೆಕ್ಟರ್ ಬಂದು ಅದನ್ನು ಮುಂದಿನಿಂದ ತಟ್ಟಿ ನೋಡಿ, ಸಹಿ ಹಾಕಿ ಹೋದ. ಅವತ್ತು ನಾವು ನಕ್ಕಿದ್ದೆಷ್ಟು! ಈಗ ತಿಳಿಯಿತು. ಕರಿಗೆ ಅಂಟಿಕೊಂಡಿದ್ದ ಬಿಳಿ ಅದಿರೆಲ್ಲ ಪುಡಿಯಾಗಿ ಆ ಕೆಸರಿಗೆ ಹೋಗಿತ್ತು. ನಿನ್ನ ದೀಪಕ್ಕೆ ಹೊಳೆದದ್ದು ಬಂಡೆಯಲ್ಲ, ನನ್ನ ಕೈಯ ಗಿಲಾವು.

ತಮ್ಮ ರಜೆ ಮುಗಿಸಿ ಬಂದ. ಅವನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವನು ಕೋಣೆ ಮುಚ್ಚಿಸುತ್ತಿದ್ದ. ನಿಯಮ ಎಂದರೆ ನಿಯಮ, ಅಣ್ಣ ತಮ್ಮ ಎಲ್ಲ ಆಮೇಲೆ, ಹಾಗಿದ್ದ ಅವನು. ನಾಲ್ಕು ತಿಂಗಳ ನಂತರ ಆ ಭಾನುವಾರ ಛಾವಣಿಯ ಚಪ್ಪಡಿ ಬಿತ್ತು. ಅವನ ಹತ್ತಿರ ಸುತ್ತಿಗೆ ಸಿಕ್ಕಿತು. ರಜೆಯ ದಿನ, ಒಬ್ಬನೇ, ಸುತ್ತಿಗೆ. ಕದಿಯಲು ಬಂದಿದ್ದನೆಂದು ಯಾರೋ ಅಂದರು. ವಿಚಾರಣೆಯಲ್ಲಿ ನನ್ನನ್ನು ಕೇಳಿದರು, "ಮೇಸ್ತ್ರಿ, ನಿನ್ನ ತಮ್ಮ ಯಾಕೆ ಹೋಗಿದ್ದ?" ನಾನು, "ಗೊತ್ತಿಲ್ಲ ಸಾರ್" ಎಂದೆ. ಅದು ನಿಜ, ಅವನು ಏಕೆ ಹೋದನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಛಾವಣಿ ಏಕೆ ಬಿತ್ತೆಂದು ಗೊತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ. ನಾನು ಹೇಳಲಿಲ್ಲ. ಸತ್ತವನ ಮೇಲೆ ಗೂಬೆ ಕೂರಿಸಿದರು, ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ.

ನನ್ನ ತಮ್ಮನನ್ನು ಕೊಂದವನು ನಾನು. ಮೊದಲ ಕಾಗದಕ್ಕೇ ಇದನ್ನು ಬರೆಯಬೇಕಿತ್ತು. ಗಾಳಿ, ನೀರು ಎಂದು ಸುಳ್ಳು ಹೇಳಿ ನಿನ್ನನ್ನು ತಡೆಯಬಹುದೆಂದುಕೊಂಡೆ. ಅವನ ನಕ್ಷೆ ನಂಬಿ ನೀನು ಆ ಗೋಡೆಗೆ ಯಂತ್ರ ಹಚ್ಚುತ್ತೀಯ ಎಂದು ಓದಿದ ಮೇಲೂ ಇನ್ನೊಂದು ಸುಳ್ಳು ಹುಡುಕಿದೆನಲ್ಲ, ನಾನೆಂಥ ಮನುಷ್ಯ?

ಹೋಗಬೇಡ ಮಗಳೇ. ಆ ಮೂವರನ್ನೂ ಒಳಗೆ ಬಿಡಬೇಡ.

ದೊಡ್ಡಪ್ಪ


ಮಾರ್ಚ್ ೫

(ಅಂಚೆ ಕಾರ್ಡು)

ಹನ್ನೊಂದು ದಿನ ಆಯಿತು. ಎರಡನೇ ತಂತಿಗೂ ಉತ್ತರವಿಲ್ಲ. ಪೇಪರಿನಲ್ಲಿ ಗಣಿಯ ಸುದ್ದಿ ಏನಾದರೂ ಇದೆಯೇ ಎಂದು ದಿನಾ ನೋಡುತ್ತೇನೆ. ಬದುಕಿದ್ದೇನೆ ಎಂದು ಒಂದು ಸಾಲು ಹಾಕು. ಬೈಯುವುದಿದ್ದರೆ ಆಮೇಲೆ ಬೈ.


ಮಾರ್ಚ್ ೧೨

ದೊಡ್ಡಪ್ಪ,

ಬದುಕಿದ್ದೇನೆ. ನಾಲ್ವರೂ ಬದುಕಿದ್ದೇವೆ. ತಂತಿ ಇಪ್ಪತ್ತೈದರ ಸಂಜೆ ತಲುಪಿತು. ಯಂತ್ರ ಆಗಲೇ ಜಾಲರಿಯ ಮುಂದಿತ್ತು. ನಾನು ಅದನ್ನೂ ನಿಮ್ಮ ಇನ್ನೊಂದು ಸುಳ್ಳೆಂದು ಮಡಿಚಿ ಜೇಬಿಗೆ ಹಾಕಿಕೊಂಡಿದ್ದೆ. ಡ್ರಿಲ್ಲರ್ ಇಸಿದುಕೊಂಡು ಓದಿದ. "ಮೇಡಂ, ಗಾಳಿ ನೀರು ಅಂತ ಯಾರು ಬೇಕಾದ್ರೂ ಹೇಳ್ತಾರೆ. ಕಂಬನ ಕಂಬ ಅಲ್ಲ ಅಂತ ಸುಮ್ಸುಮ್ನೆ ಯಾರೂ ಹೇಳಲ್ಲ. ನಾನು ಬರಲ್ಲ" ಎಂದು ಯಂತ್ರದ ಮೇಲೆ ಕೂತುಬಿಟ್ಟ. ಅವನು ಹಾಗೆ ಕೂರದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ಎರಡು ದಿನದ ಮೇಲೆ ನಿಮ್ಮ ಕಾಗದ ಬಂತು.

ಓದಿದ ಮೇಲೆ ನಿಮಗೆ ಬರೆಯಲು ನನಗೆ ಮನಸ್ಸಾಗಲಿಲ್ಲ. ನೀವು ದಿನ ಎಣಿಸುತ್ತೀರಿ ಎಂದು ಗೊತ್ತಿದ್ದೂ ಬರೆಯಲಿಲ್ಲ. ಎಣಿಸಲಿ ಎಂದುಕೊಂಡೆ.

ಕಬ್ಬಿಣದ ಆಸರೆಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ, ಮೊನ್ನೆ ಎಂಟರಂದು ಗೋಡೆಯ ಪಕ್ಕದವರೆಗೆ ಹೋದೆವು. ಕಡ್ಡಿಯಿಂದ ಗೀರಿದರೆ ಗಿಲಾವು ಉದುರುತ್ತದೆ, ಹಿಂದೆ ಸಡಿಲ ಕಲ್ಲು. ಒಂದೇ ಸಮ ಹೊಳೆದಾಗಲೇ ನಾನು ಅನುಮಾನಪಡಬೇಕಿತ್ತು. ಆಸೆಗಣ್ಣಿಗೆ ಅದು ಕಾಣಲಿಲ್ಲ.

ಗೋಡೆಯ ಹಿಂದೆ ಏನಿದೆ ಎಂದು ನಿಮಗೆ ಗೊತ್ತಿಲ್ಲ. ಹೇಳುತ್ತೇನೆ, ಕೂತುಕೊಂಡು ಓದಿ.

ಮರದ ದಿಮ್ಮಿಗಳಿವೆ. ನೆಲದಿಂದ ಛಾವಣಿಗೆ ನೆಟ್ಟಗೆ ನಿಲ್ಲಿಸಿ, ತಲೆಗೆ ಬೆಣೆ ಬಡಿದು ಬಿಗಿ ಮಾಡಿದ ಐದು ದಿಮ್ಮಿಗಳು. ಆರನೆಯದು ಬಿದ್ದ ಚಪ್ಪಡಿಯ ಅಡಿ ಮಲಗಿದೆ, ಅದರ ಬೆಣೆ ಪಕ್ಕದಲ್ಲಿ. ಐದಕ್ಕೂ ನಡುವೆ ಸರಿಯಾಗಿ ಎರಡೂವರೆ ಅಡಿ ಅಂತರ. ಅಳೆದು ನೋಡಿದೆ, ಒಂದು ಇಂಚೂ ಆಚೀಚೆ ಇಲ್ಲ. ಯಾರ ಕೆಲಸ ಎಂದು ನಿಮಗೆ ಬೇರೆ ಹೇಳಬೇಕೆ?

ಕಚೇರಿಯ ಬೀರುವನ್ನು ಮತ್ತೆ ತಡಕಿದೆ. ಅವರ ಅಳತೆ ಪುಸ್ತಕ ಸಿಕ್ಕಿತು. ಕೊನೆಯ ಪುಟದಲ್ಲಿ, ಅವರು ಹೋದ ಭಾನುವಾರದ ಹಿಂದಿನ ಶನಿವಾರ, ಇಷ್ಟೇ ಇದೆ: "ಕೋಣೆ ೪, ಕಂಬ. ನಕ್ಷೆಯಲ್ಲಿ ೯ ಅಡಿ. ಇಂದು ೧೦ ಅಡಿ ೨ ಇಂಚು." ಕಲ್ಲು ಬೆಳೆಯುವುದಿಲ್ಲ ದೊಡ್ಡಪ್ಪ. ಇಂಚುಪಟ್ಟಿಗೆ ಗೊತ್ತಾಗದೆ ಇರುತ್ತದೆಯೇ? ಆ ಸಾಲಿನ ಕೆಳಗೆ ಇನ್ನೇನೂ ಬರೆದಿಲ್ಲ. ಮ್ಯಾನೇಜರಿಗೂ ಹೇಳಲಿಲ್ಲ, ನಿಮ್ಮನ್ನೂ ಕೇಳಲಿಲ್ಲ. ಮೇಸ್ತ್ರಿಗೆ ತಿಳಿಯದೆ ಕಂಬ ಮಾಯವಾಗದೆಂದು ಅವರಿಗೆ ಗೊತ್ತು; ನಿಯಮ ಎಂದರೆ ನಿಯಮ ಎನ್ನುತ್ತಿದ್ದವರು ಅಣ್ಣನಿಗಾಗಿ ಅದನ್ನು ನುಂಗಿಕೊಂಡರು. ಸೋಮವಾರ ಆಳುಗಳು ಇಳಿಯುವುದರೊಳಗೆ ಛಾವಣಿಗೆ ಆಸರೆ ಕೊಡಬೇಕೆಂದು, ಯಾರಿಗೂ ಕಾಣದಂತೆ, ರಜೆಯ ದಿನ ಒಬ್ಬರೇ ಆರು ದಿಮ್ಮಿ ಹೊತ್ತುಕೊಂಡು ಹೋದರು. ಸುತ್ತಿಗೆ ಬೆಣೆ ಬಡಿಯಲು.

ಚಪ್ಪಡಿ ಬಿದ್ದ ಮೇಲೆ ಯಾರೂ ಗೋಡೆಯ ಹಿಂದಕ್ಕೆ ಇಣುಕಲಿಲ್ಲ. ನೀವೂ ಇಣುಕಲಿಲ್ಲ. ಇಣುಕಿದ್ದರೆ ಅವತ್ತೇ ಕಾಣುತ್ತಿತ್ತು.

ಭಾನುವಾರ ಅಮ್ಮನ ಬಳಿ ಹೋಗಿ ಎಲ್ಲ ಹೇಳಿದೆ. ನಿಮ್ಮ ಕಾಗದವನ್ನೂ ಓದಿದೆ. ಅವಳು ಶಾಲೆಯ ಮಕ್ಕಳ ಅಂಗಿಗಳನ್ನು ಹೊಲಿಯುತ್ತಿದ್ದಳು. ದಿಮ್ಮಿಯ ವಿಷಯ ಬಂದಾಗ ಮಿಷನ್ ನಿಲ್ಲಿಸಿದಳು. "ಎಷ್ಟು ದಿಮ್ಮಿ?" ಎಂದಳು. ಆರು ಎಂದೆ. ಆಮೇಲೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಾನೂ ನಂಬಿದ್ದೆ ಕಣೇ. ಕದಿಯೋಕೇ ಹೋದ್ರು ಅಂತ ನಾನೂ ನಂಬಿಬಿಟ್ಟಿದ್ದೆ. ಹಿಂದಿನ ದಿನ ಮನೇಲಿ ಏನೂ ಇಲ್ಲ, ಮಗೂಗೆ ಹಾಲಿಗೂ ಗತಿಯಿಲ್ಲ ಅಂತ ಜಗಳ ಆಡಿದ್ದೆ. ನನ್ನ ಮಾತಿಗೇ ಹೋದ್ರು, ಮರ್ಯಾದೆ ಕಳೆದು ಸತ್ರು ಅಂತ ಸಿಟ್ಟಿತ್ತು. ಇಷ್ಟು ವರ್ಷ ಒಂದ್ಸಲಾನೂ ನಾನು ಅವರಿಗೋಸ್ಕರ ಅತ್ತಿಲ್ಲ."

ಹಾಗೆಂದು ಅರ್ಧ ಹೊಲಿದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಸಂಜೆಯವರೆಗೂ ಅತ್ತಳು. ನನಗೆ ಅವಳನ್ನು ಸಮಾಧಾನ ಮಾಡಲು ಬರಲಿಲ್ಲ. ನಿಮ್ಮ ಮೇಲೆ ಅವತ್ತು ಬಂದಷ್ಟು ಸಿಟ್ಟು ಎಂದೂ ಬಂದಿಲ್ಲ. ಅಪ್ಪನನ್ನು ನೀವು ಬೇಕೆಂದು ಕೊಲ್ಲಲಿಲ್ಲ, ಅದು ನನಗೆ ತಿಳಿಯುತ್ತದೆ. ಆದರೆ ಇವಳ ಇಪ್ಪತ್ತಾರು ವರ್ಷವನ್ನು ತಿಳಿದೂ ತಿಳಿದೂ ತೆಗೆದುಕೊಂಡಿರಿ.

ವರದಿಯಲ್ಲಿ ಆ ಕೋಣೆಯನ್ನು ಶಾಶ್ವತವಾಗಿ ಮುಚ್ಚಬೇಕೆಂದು ಬರೆದಿದ್ದೇನೆ. ಅಪಘಾತದ ಕಾರಣ ಎಂಬಲ್ಲಿ ನಿಮ್ಮ ಹೇಳಿಕೆ ಬೇಕು. ನಿಮ್ಮ ಕೈಬರಹದಲ್ಲಿ, ನಿಮ್ಮ ಸಹಿಯೊಂದಿಗೆ. ಅಂಚೆಯಲ್ಲಿ ಕಳಿಸಿದರೂ ಕಚೇರಿಗೆ ಸಾಕು. ಅಮ್ಮನಿಗೆ ಸಾಲದು. ನಾನು ಹೊರಡುವಾಗ ಬಾಗಿಲವರೆಗೆ ಬಂದು ಹೀಗೆಂದಳು:

"ಭಾವನಿಗೆ ಬರಿ. ಬಂದು ನನ್ನೆದುರಿಗೆ ಕೂತು ಹೇಳ್ಲಿ. ಕಿವಿ ಕೇಳ್ಸಲ್ವಲ್ಲ, ಉತ್ತರ ನಾನು ಚೀಟಿಲಿ ಬರ್ದು ಕೊಡ್ತೀನಿ. ಊಟ ಹಾಕ್ತೀನಿ. ಊಟ ಹಾಕಿದ್ಲು, ಕ್ಷಮಿಸಿದ್ಲು ಅಂತ ಮಾತ್ರ ಅಂದ್ಕೋಬಾರ್ದು."

ನಿಮ್ಮ ತಮ್ಮನ ಮಗಳು